ಬಣ್ಣ ಬಿಡಿಸುವ ವಿದ್ಯೆ

ಬಣ್ಣ ಬಳಿಯಬಲ್ಲವರು ಊರಿಗೆ ಹತ್ತು ಮಂದಿ ಸಿಕ್ಕಾರು. ಬಳಿದ ಬಣ್ಣವನ್ನು, ಅಡಿಯ ವಸ್ತು ನೋಯದಂತೆ, ಬಿಡಿಸಬಲ್ಲವರು ವಿರಳ.

ಚಳ್ಳಕೆರೆಯ ಅಣ್ಣನ ಮನೆಯಲ್ಲಿ ಗೇಣುದ್ದವೂ ಇಲ್ಲದ ಪ್ಲಾಸ್ಟಿಕ್ ವಿಮಾನವೊಂದಿದೆ. 1965ರ ಯುದ್ಧದಲ್ಲಿ ಹೆಸರು ಗಳಿಸಿದ, ಬೆಂಗಳೂರಿನ ಎಚ್.ಎ.ಎಲ್. ಕಾರ್ಖಾನೆಯಲ್ಲಿಯೂ ತಯಾರಾದ ‘ನ್ಯಾಟ್’ ಯುದ್ಧವಿಮಾನವನ್ನು 72ರಲ್ಲಿ ಒಂದು ಪಾಲಿಗೆ ಇಳಿಸಿದ ಮಾದರಿ ಅದು. ಬಿಡಿಭಾಗಗಳನ್ನು ಅಂಟಿಸಿ ಜೋಡಿಸಿದವರು ಅಣ್ಣ. ಕಿಟಕಿಗೆ ಬಳಿದು ಮಿಕ್ಕ ಹಸಿರು ಬಣ್ಣವನ್ನೇ ಅದಕ್ಕೂ ದಪ್ಪನಾಗಿ ಬಳಿದವರೂ ಅವರೇ. ಅವರು ತೀರಿಕೊಂಡು ಆರು ವರ್ಷಗಳಾದುವು.

ಅವರ ಮೊಮ್ಮಗನಿಗೆ ವಿಮಾನವೆಂದರೆ ಪ್ರಾಣ. ಸಹಜವೇ! ಹುಲ್ಲುಗಾವಲಾಗಿದ್ದ ವರವು ಕಾವಲಿನಲ್ಲಿ 2017ರಲ್ಲಿ ವಿಮಾನಗಳ ಪರೀಕ್ಷಾ ಕೇಂದ್ರ ಆರಂಭವಾಯಿತು. 2023ರ ಏಪ್ರಿಲ್ 2ರಂದು, ಹೆಲಿಕಾಪ್ಟರು 4.5 ಕಿಲೋಮೀಟರು ಎತ್ತರದಿಂದ ಬಿಟ್ಟ ಇಸ್ರೋದ ರೆಕ್ಕೆಯ ವಾಹನವೊಂದು, ಚಾಲಕನಿಲ್ಲದೆ ತಾನಾಗಿಯೇ ಅಲ್ಲಿ ಬಂದಿಳಿಯಿತು. ಅಂಥ ಸೀಮೆಯ ಹುಡುಗ ಅವನು.

“ತಾತ, ಇದಕ್ಕೆ ಬೆಳ್ಳಿ ಬಣ್ಣ ಹಾಕೋಣ” ಎಂದನು. ಅತ್ತಿಗೆಯವರ ಮುಖ ಬಾಡಿತು. “ಅವರ ಕೈಯಾಡಿದ ವಸ್ತು ಅದೊಂದೇ ಉಳಿದಿದೆ. ಅದನ್ನೂ ತೊಳೆದುಬಿಡುತ್ತೀರಾ?” ಎಂದರು. ಬೇಡವಾದರೆ ಬಿಡೋಣವೆಂದೆ. ಅವರು ಹುಡುಗನತ್ತ ನೋಡಿ, “ಕೆಡದ ಹಾಗೆ ಮಾಡಿ” ಎಂದಷ್ಟೇ ಹೇಳಿದರು.

ಈ ಮಾದರಿಗಳ ಪ್ಲಾಸ್ಟಿಕ್ಕಿಗೆ ಪಾಲಿಸ್ಟೈರೀನ್ ಎಂದು ಹೆಸರು. ಥಿನ್ನರು, ಅಸಿಟೋನು ಮುಂತಾದುವು ಬಣ್ಣದೊಡನೆ ಅದನ್ನೂ ಕರಗಿಸಿಬಿಡುತ್ತವೆ. ಉಪ್ಪುಕಾಗದದಿಂದ ಉಜ್ಜಿದರೆ ಕೂದಲೆಳೆಯಂಥ ಗೆರೆಗಳು ಅಳಿಯುತ್ತವೆ. ಆಕ್ರಿಲಿಕ್ ಬಣ್ಣವಾದರೆ ಐಸೊಪ್ರೊಪೈಲ್ ಆಲ್ಕೋಹಾಲು ಸಾಕು. ಹಳೆಯ ಎನಾಮಲ್ಲಿಗೆ ಮೋಟಾರು ಅಂಗಡಿಯ ಬ್ರೇಕ್ ಆಯಿಲ್ ಆಗುತ್ತದೆ. ಅದು ವಿಷವಾದ್ದರಿಂದ ಕೈಗವಸು ತೊಟ್ಟು, ಹುಡುಗನನ್ನು ದೂರ ಕೂರಿಸಿದೆ. ಗಾಜಿನಂಥ ಮುಚ್ಚಳವನ್ನು ಬಿಡಿಸಿಟ್ಟು, ಬಾಲದಡಿ ಒಂದು ತೊಟ್ಟು ಹಚ್ಚಿ ಪರೀಕ್ಷಿಸಿ, ಬಳಿಕ ಮುಳುಗಿಸಿ, ಆಗಾಗ ತೆಗೆದು ನೋಡಿದೆ. ಮರುದಿನ ಬೆಳಗಿಗೆ ಬಣ್ಣ ಸುಕ್ಕುಗಟ್ಟಿ ಎದ್ದಿತು. ಮೆತ್ತನೆಯ ಹಲ್ಲುಜ್ಜುವ ಬ್ರಷ್ಷಿನಿಂದ ಸವರಿ, ಸೋಪು ಬೆರೆಸಿದ ತಣ್ಣೀರಿನಲ್ಲಿ ತೊಳೆದೆ. ಕುದಿನೀರಾದರೆ ತೆಳು ರೆಕ್ಕೆ ಸೊಟ್ಟಗಾಗುತ್ತದೆ.

ಬರಿಯ ಪ್ಲಾಸ್ಟಿಕ್ಕು ಹೊರಬಂದಾಗ, ಎಡರೆಕ್ಕೆಯ ಬುಡದಲ್ಲಿ ಹೆಬ್ಬೆರಳಿನ ಗುರುತೊಂದು ಕಂಡಿತು. ಜೋಡಿಸುವ ಅಂಟು ಪ್ಲಾಸ್ಟಿಕ್ಕನ್ನೇ ತುಸು ಹೊತ್ತು ಮೆತ್ತಗಾಗಿಸುತ್ತದೆ. ಆಗ ಒತ್ತಿದ ಬೆರಳಿನ ರೇಖೆಗಳು ಅಲ್ಲಿಯೇ ಗಟ್ಟಿಯಾಗಿ ನಿಲ್ಲುತ್ತವೆ. ಥಿನ್ನರು ಸೋಕಿದ್ದರೆ ಬಣ್ಣದೊಂದಿಗೆ ಅದೂ ಹೋಗುತ್ತಿತ್ತು.

ಅತ್ತಿಗೆಯವರು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. “ಇಷ್ಟು ಜಾಗಕ್ಕೆ ಬಣ್ಣ ಬೇಡ ಕಣೋ” ಎಂದರು ಮೊಮ್ಮಗನಿಗೆ.

ಈಗ ಆ ವಿಮಾನ ಬೆಳ್ಳಿಯಂತೆ ಹೊಳೆಯುತ್ತದೆ, ಹೆಬ್ಬೆರಳಗಲದ ಜಾಗವೊಂದನ್ನು ಬಿಟ್ಟು.