ಕರೆಂಟ್ ಗಾಡಿ: ನಾಲ್ಕು ಕಿಲೋಮೀಟರಿನ ಲೆಕ್ಕ

ಈ ಸಲ ಬೆಳಿ ಸುದ್ದಿ ಅಲ್ಲ, ಕರೆಂಟ್ ಗಾಡಿ ಸುದ್ದಿ.

ನಮ್ಮ ತೋಟದ ಮನಿಯಿಂದ ಗುರುಗುಂಟಾ ಬಸ್‌ಸ್ಟ್ಯಾಂಡಿಗೆ ನಾಲ್ಕು ಕಿ.ಮೀ. ಸಣ್ಣ ಮಗಳು ಲಿಂಗಸೂಗೂರಿನಾಗ ಪಿಯುಸಿ ಓದ್ತಾಳ. 2023ರ ಜೂನ್‌ದಾಗ ಶಕ್ತಿ ಯೋಜನೆ ಬಂದ ಮ್ಯಾಲೆ ಬಸ್ಸಿಗೆ ರೊಕ್ಕ ಇಲ್ಲ. ಆದ್ರ ಬಸ್‌ಸ್ಟ್ಯಾಂಡ್ ತನಕ ಮುಟ್ಟಿಸೋ ಯೋಜನೆ ಯಾವುದೂ ಇಲ್ಲ ನೋಡ್ರಿ. ಮುಂಜಾನೆ ನಾನ ಬೈಕಿನ್ಯಾಗ ಬಿಟ್ಟು ಬರ್ತೀನಿ, ಸಂಜಿಕ ಕರ್ಕೊಂಡು ಬರ್ತೀನಿ. ಎಣ್ಣಿ ಹೊಡಿಯೋ ದಿನ, ನೀರು ಕಟ್ಟೋ ದಿನ ಆಗಂಗಿಲ್ಲ. ಆ ದಿನ ಆಕಿ ಕಾಲೇಜ್ ತಪ್ಪತೈತಿ. ಹೋದ ತಿಂಗಳು ಐದು ದಿನ ತಪ್ಪಿತು. "ಇಷ್ಟ ಓದಿದ್ದು ಸಾಕು ಬಿಡಪ್ಪಾ" ಅಂತ ನಮ್ಮವ್ವ ಶುರು ಮಾಡ್ಯಾಳ.

ಮೊದಲು ನನ್ನ ಓಡಾಟಕ್ಕ ದೊಡ್ಡ ಗಾಡಿ ತಗೊಂಡ್ರ ಹೆಂಗ ಅಂತ ಲೆಕ್ಕ ಹಾಕಿದೆ. ದಿನಕ್ಕ 40 ಕಿ.ಮೀ. ಹಿಡೀರಿ. ಹಳೇ ಬೈಕ್ ಲೀಟರಿಗೆ 55 ಕೊಡತೈತಿ, ಪೆಟ್ರೋಲ್ ನೂರು ದಾಟೇತಿ, ದಿನಕ್ಕ 74-75 ರೂಪಾಯಿ ಆತು. ಕರೆಂಟಿಗಾದ್ರ ಒಂದೂವರಿ ಯೂನಿಟ್, 9 ರೂಪಾಯಿ. ಕಾಗದದ ಮ್ಯಾಲೆ ಭಾಳ ಚಲೋ. ಆದ್ರ ಅಗ್ಗದ ಗಾಡಿಯ ಬ್ಯಾಟರಿ ಮ್ಯಾಲೆ 60 ವೋಲ್ಟ್, 30 ಆಂಪಿಯರ್ ಅವರ್ ಅಂತ ಬರದಿತ್ತು. ಗುಣಿಸಿದ್ರ 1800, ಅಂದ್ರ 1.8 ಯೂನಿಟ್. ಕಿ.ಮೀ.ಗೆ 30 ವ್ಯಾಟ್ ಅವರ್ ತಿಂದ್ರ 60 ಕಿ.ಮೀ. ಅಂಗಡ್ಯಾವ 100 ಅಂತಾನ! ಹಿಂದ 45 ಕಿಲೋ ಯೂರಿಯಾ ಚೀಲ ಹೇರಿದ್ರ, ಬ್ಯಾಟರಿ ಹಳೇದಾದ್ರ ಇನ್ನೂ ಕಡಿಮಿ. ರಾತ್ರಿ ಯಾರಿಗರ ಆರಾಮ ತಪ್ಪಿದ್ರ ಅರ್ಧ ಚಾರ್ಜಿನ ಗಾಡಿ ನಂಬಿ ಲಿಂಗಸೂಗೂರಿಗೆ ಹೋಗಾಕ ಆಗಂಗಿಲ್ಲ. ನನಗ ಹಳೇ ಬೈಕ ಇರಲಿ.

ಮಗಳಿಗೆ ಬೇಕಾದ್ದು ಬ್ಯಾರೆ. ಮೋಟಾರ್ 250 ವ್ಯಾಟ್ ಒಳಗ, ಓಟ ತಾಸಿಗೆ 25 ಕಿ.ಮೀ. ಒಳಗ ಇರೋ ಹಗುರ ಗಾಡಿಗೆ ಲೈಸೆನ್ಸ್ ಬೇಕಿಲ್ಲ, ನೋಂದಣಿನೂ ಇಲ್ಲ. ಆಕಿಗೆ ಇನ್ನೂ 17. ಹೋಗಿ ಬರೂದು 8 ಕಿ.ಮೀ., ತಿಂಗಳಿಗೆ ಎಂಟು ಯೂನಿಟ್ ಸಾಕು. ಗೃಹಜ್ಯೋತಿಯೊಳಗ 48 ಯೂನಿಟ್‌ಗಿಂತ ಕಡಿಮಿ ಸರಾಸರಿ ಇದ್ದವ್ರಿಗೆ 10 ಯೂನಿಟ್ ಹೆಚ್ಚಿಗಿ ಕೊಡ್ತಾರ, ಅದರಾಗ ಮುಗೀತು. (ಪಂಪ್‌ಸೆಟ್ ಲೈನಿಗೆ ಹಚ್ಚು ಅಂತ ಒಬ್ಬ ಶಾಣ್ಯಾ ಹೇಳಿದ. ಅದು ಬ್ಯಾಡ್ರಿ.)

ಲೆಡ್ ಬ್ಯಾಟರಿದು ಅಗ್ಗ, ಆದ್ರ ತೂಕ ಭಾಳ, ನಮ್ಮ ಬಿಸಿಲಿಗೆ ಲಗೂನ ಸೊರಗತೈತಿ. ಲಿಥಿಯಂದಕ್ಕ 62 ಸಾವಿರ ಹೇಳ್ಯಾನ. 2025-26ರ ತೊಗರಿ ಬೆಂಬಲ ಬೆಲೆ ಕ್ವಿಂಟಲಿಗೆ 8,000, ಅಂದ್ರ ಹತ್ತತ್ರ ಎಂಟು ಕ್ವಿಂಟಲ್! ನಾನು ದಿನಾ ಎರಡು ಸಲ ಹೋಗಿ ಬರೋ ಪೆಟ್ರೋಲ್ ಉಳಿದ್ರ ತಿಂಗಳಿಗೆ 700 ಚಿಲ್ಲರ. ಆ ಉಳಿತಾಯದಾಗ ಗಾಡಿ ರೊಕ್ಕ ತೀರಾಕ ಏಳು ವರ್ಷ ಬೇಕು, ಅಷ್ಟೊತ್ತಿಗೆ ಬ್ಯಾಟರಿನ ಇರೂದಿಲ್ಲ. ಅದಕ್ಕ ಪೆಟ್ರೋಲ್ ಲೆಕ್ಕ ಕೈಬಿಟ್ಟು, ತಿಂಗಳಿಗೆ ಐದು ದಿನ ತಪ್ಪೋ ಕಾಲೇಜಿನ ಲೆಕ್ಕ ಹಿಡದೀನಿ. ಅದಕ್ಕ ಎಂಟು ಕ್ವಿಂಟಲ್ ಹೆಚ್ಚಲ್ಲ ಅನಸ್ತೈತಿ.

ಅಂಜಿಕಿ ಇರೋದು ನಮ್ಮ ಎರಿ ಹಾದೀದು. ಮಳಿ ಬಿದ್ರ ಮಣ್ಣು ಗಾಲಿಗೆ ಮೆತ್ತಿ ಮಡ್‌ಗಾರ್ಡ್ ತುಂಬತೈತಿ, ಟ್ರ್ಯಾಕ್ಟರ್ ಹೂಳ್ತಾವ, 250 ವ್ಯಾಟಿಂದು ಏನು ಎಳೀತೈತಿ? ಹಸಿ ಇದ್ದಾಗ ನಮ್ಮ ಹಾದ್ಯಾಗ ಒಂದ್ಸಲ ಓಡಿಸಿ ತೋರಿಸು ಅಂದೀನಿ. ಬರ್ತೀನಿ ಅಂದಾನ. ಲಿಂಗಸೂಗೂರು, ಮಸ್ಕಿ ಕಡೆ ಲಿಥಿಯಂದು ತಗೊಂಡವ್ರು ಇದ್ರ, ಎರಡು ಬ್ಯಾಸಗಿ ದಾಟಿದ ಮ್ಯಾಲೆ ಎಷ್ಟು ಕಿ.ಮೀ. ಬರಾಕ್ಹತ್ತೈತಿ ಹೇಳ್ರಿ. ರೊಕ್ಕ ಕೊಡೂದು ಆಮ್ಯಾಲೆ.