ಹಂಗಿಲ್ಲದ ನ್ಯಾಯಾಸನ

ಉನ್ನತ ಪದವಿಯನ್ನು ಪಡೆಯುವುದು ಕಷ್ಟ. ಪಡೆದ ಪದವಿಯ ಹಂಗಿಗೆ ಸಿಲುಕದೆ ಬಾಳುವುದು ಅದಕ್ಕಿಂತಲೂ ಕಷ್ಟ. ಈ ಮಾತಿಗೆ ನಿದರ್ಶನವಾಗಿ ಸ್ಮರಿಸಬೇಕಾದ ಜೀವನ ನ್ಯಾಯಮೂರ್ತಿ ಕೆ.ಎಸ್. ಹೆಗ್ಡೆಯವರದು.

ಕೌಡೂರು ಸದಾನಂದ ಹೆಗ್ಡೆಯವರು ಕಾರ್ಕಳ ಸೀಮೆಯವರು. 1909ರಲ್ಲಿ ಜನಿಸಿದ ಅವರು ವಕೀಲರಾಗಿ ಹೆಸರು ಪಡೆದು, 1952ರಲ್ಲಿ ಕಾಂಗ್ರೆಸ್ ಪಕ್ಷದಿಂದ ರಾಜ್ಯಸಭೆಯನ್ನು ಪ್ರವೇಶಿಸಿದರು. 1957ರಲ್ಲಿ ಮೈಸೂರು ಉಚ್ಚ ನ್ಯಾಯಾಲಯದ ನ್ಯಾಯಾಧೀಶರಾದರು. 1966ರಲ್ಲಿ ದೆಹಲಿ ಉಚ್ಚ ನ್ಯಾಯಾಲಯದ ಪ್ರಥಮ ಮುಖ್ಯ ನ್ಯಾಯಮೂರ್ತಿಗಳಾಗಿ, ಮರುವರ್ಷ ಸರ್ವೋಚ್ಚ ನ್ಯಾಯಾಲಯದ ಪೀಠವನ್ನೇರಿದರು.

ಅಲ್ಲಿ 1969ರಲ್ಲಿ ಅವರು ಬರೆದ ಕ್ರೈಪಾಕ್ ಪ್ರಕರಣದ ತೀರ್ಪು ಇಂದಿಗೂ ನ್ಯಾಯಶಾಸ್ತ್ರದ ವಿದ್ಯಾರ್ಥಿಗಳಿಗೆ ಪಾಠವಾಗಿದೆ. ಜಮ್ಮು ಕಾಶ್ಮೀರದಲ್ಲಿ ಅರಣ್ಯ ಸೇವೆಗೆ ಅಧಿಕಾರಿಗಳನ್ನು ಆರಿಸಲು ಒಂದು ಮಂಡಳಿ ರಚಿತವಾಗಿತ್ತು. ಅದರ ಸದಸ್ಯರಲ್ಲೊಬ್ಬರು ತಾವೇ ಅಭ್ಯರ್ಥಿಯೂ ಆಗಿದ್ದರು. ತಮ್ಮ ಹೆಸರು ಬಂದಾಗ ಅವರು ಸಭೆಯಿಂದ ಹೊರಗುಳಿದರು; ಆದರೆ ಪ್ರತಿಸ್ಪರ್ಧಿಗಳ ಯೋಗ್ಯತೆಯನ್ನು ತೂಗುವಾಗ ಒಳಗೇ ಇದ್ದರು. ಮನುಷ್ಯನ ಅಂತರಂಗವನ್ನು ಸಾಕ್ಷ್ಯದಿಂದ ಸಿದ್ಧಪಡಿಸುವುದು ದುಸ್ಸಾಧ್ಯ. ಆದುದರಿಂದ ಪಕ್ಷಪಾತ ನಡೆಯಿತೇ ಎಂಬುದಕ್ಕಿಂತ, ಅದಕ್ಕೆ ಸಂಭವವಿತ್ತೇ ಎಂಬುದನ್ನು ನೋಡಬೇಕೆಂದು ಹೆಗ್ಡೆಯವರು ನಿರ್ಣಯಿಸಿದರು. ಆ ಆಯ್ಕೆ ರದ್ದಾಯಿತು.

ನಾಲ್ಕು ವರ್ಷಗಳ ಅನಂತರ ಅದೇ ಪ್ರಶ್ನೆ ಬೇರೊಂದು ರೂಪದಲ್ಲಿ ಅವರ ಬಾಗಿಲಿಗೇ ಬಂದಿತು. ಎಡನೀರು ಮಠದ ಶ್ರೀ ಕೇಶವಾನಂದ ಭಾರತೀ ಸ್ವಾಮಿಗಳ ಪ್ರಕರಣವನ್ನು 13 ಮಂದಿ ನ್ಯಾಯಾಧೀಶರು 68 ದಿನ ಆಲಿಸಿದರು. ಸಂವಿಧಾನವನ್ನು ತಿದ್ದಲು ಸಂಸತ್ತಿಗೆ ಮಿತಿಯಿಲ್ಲದ ಅಧಿಕಾರವುಂಟೆಂಬುದು ಸರಕಾರದ ವಾದ. ಪರಂಪರೆಯಂತೆ ಹಿರಿತನವನ್ನು ಗಮನಿಸಿದರೆ, ನ್ಯಾಯಮೂರ್ತಿ ಶೇಲತ್ ಅವರ ತರುವಾಯ ಭಾರತದ ಮುಖ್ಯ ನ್ಯಾಯಮೂರ್ತಿಯ ಪದವಿ ಹೆಗ್ಡೆಯವರಿಗೆ ಸಲ್ಲಬೇಕಾಗಿತ್ತು. ನೇಮಕದ ಅಧಿಕಾರವಾದರೋ ಅದೇ ಸರಕಾರದ ಕೈಯಲ್ಲಿತ್ತು. ಆದರೂ 1973ರ ಏಪ್ರಿಲ್ 24ರಂದು, ಸಂವಿಧಾನದ ಮೂಲ ಸ್ವರೂಪವನ್ನು ಅಳಿಸುವ ಅಧಿಕಾರ ಸಂಸತ್ತಿಗಿಲ್ಲವೆಂದ ಏಳು ಮಂದಿಯಲ್ಲಿ ಹೆಗ್ಡೆಯವರೂ ಒಬ್ಬರಾಗಿದ್ದರು. ಆರು ಮಂದಿ ಭಿನ್ನಾಭಿಪ್ರಾಯ ತಳೆದರು.

ಮರುದಿನವೇ ಫಲ ಕಾಣಿಸಿತು. ಶೇಲತ್, ಹೆಗ್ಡೆ, ಗ್ರೋವರ್ ಈ ಮೂವರನ್ನೂ ಬದಿಗಿರಿಸಿ, ಅವರಿಗಿಂತ ಕಿರಿಯರಾದ ಎ.ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿಗಳೆಂದು ಘೋಷಿಸಲಾಯಿತು. ನ್ಯಾಯಾಧೀಶರ ಜೀವನದೃಷ್ಟಿಯನ್ನೂ ಪರಿಗಣಿಸುವುದು ಸರಕಾರದ ಹಕ್ಕೆಂದು ಸಚಿವ ಮೋಹನ ಕುಮಾರಮಂಗಲಂ ಅವರು ಲೋಕಸಭೆಯಲ್ಲಿ ಸಮರ್ಥಿಸಿದರು. ಮೂವರೂ ರಾಜೀನಾಮೆಯಿತ್ತರು.

ಪೀಠದಲ್ಲೇ ಉಳಿದು ಹೋರಾಡಬಹುದಿತ್ತಲ್ಲವೇ ಎಂದು ಕೇಳುವವರುಂಟು. ಆ ಪ್ರಶ್ನೆ ತಳ್ಳಿಹಾಕುವಂಥದಲ್ಲ. 1977ರಲ್ಲಿ ಹೆಗ್ಡೆಯವರು ಜನತಾ ಪಕ್ಷದಿಂದ ಬೆಂಗಳೂರು ದಕ್ಷಿಣದಲ್ಲಿ ಗೆದ್ದು ಲೋಕಸಭೆಯ ಅಧ್ಯಕ್ಷರಾದುದೂ ಎಲ್ಲರಿಗೂ ರುಚಿಸಬೇಕೆಂದಿಲ್ಲ. ನ್ಯಾಯಾಧೀಶರಾಗಿದ್ದವರಿಗೆ ರಾಜಕಾರಣ ಸಲ್ಲದೆನ್ನುವವರ ಮಾತಿನಲ್ಲಿಯೂ ತೂಕವಿದೆ. ಆದರೆ ತೀರ್ಪನ್ನು ಬರೆದ ದಿನ ಆ ಲೇಖನಿಯನ್ನು ಪದವಿಯ ಆಸೆ ಹಿಡಿದು ನಡೆಸಲಿಲ್ಲವೆಂಬುದು ಮಾತ್ರ ನಿರ್ವಿವಾದ. ತಮ್ಮನ್ನು ರಾಜ್ಯಸಭೆಗೆ ಕಳುಹಿದ್ದ ಪಕ್ಷದ ಸರಕಾರವೇ ಎದುರಿಗಿದ್ದರೂ ಅವರು ಅಳುಕಲಿಲ್ಲ.

1979ರಲ್ಲಿ ಅವರು ನಿಟ್ಟೆಯಲ್ಲಿ ಆರಂಭಿಸಿದ ವಿದ್ಯಾಸಂಸ್ಥೆ ಇಂದು ವಿಶ್ವವಿದ್ಯಾನಿಲಯವಾಗಿ ಬೆಳೆದಿದೆ. 1990ರಲ್ಲಿ ಅವರು ಕಾಲವಾದರು.

ಸರ್ವೋಚ್ಚ ನ್ಯಾಯಾಲಯ ಎಲ್ಲರ ಪಾಲಿಗೆ ಬರುವ ಪೀಠವಲ್ಲ. ಆದರೆ ಮನೆಯ ಪಾಲುಪಟ್ಟಿ, ಸಂಸ್ಥೆಯ ನೇಮಕಾತಿ, ದೇವಾಲಯದ ಜಮೀನಿನ ಗೇಣಿ ಇವುಗಳನ್ನು ತೀರ್ಮಾನಿಸುವ ಸಭೆಯಲ್ಲಿ ಒಂದಿಲ್ಲೊಂದು ದಿನ ಪ್ರತಿಯೊಬ್ಬರೂ ಕುಳಿತಿರುತ್ತಾರೆ. ತನ್ನ ಲಾಭದ ಮಾತು ಬಂದಾಗ ಸಭೆಯಿಂದ ಏಳುವುದು ಮೊದಲ ಮೆಟ್ಟಿಲು. ತನಗೆ ನಷ್ಟವೆಂದು ತಿಳಿದಿದ್ದೂ ಸರಿಯಾದುದನ್ನು ಬರೆದು ಸಹಿ ಹಾಕುವುದು ಅದರ ಮೇಲಿನ ಮೆಟ್ಟಿಲು. ಹೆಗ್ಡೆಯವರು ಮೊದಲನೆಯದನ್ನು ತೀರ್ಪಿನಲ್ಲಿ ಬರೆದರು. ಎರಡನೆಯದನ್ನು ನಡೆದು ತೋರಿಸಿದರು.