ಕಾಳಿಯ ಪೀಠದ ಕಲ್ಲು

ನಮ್ಮ ಕೋಡ್ಲಾ ಕಡೆಯವರಿಗೆ ಗುಡ್ಡದ ಯಾತ್ರೆ ಅಂದರೆ ಯಾನಾಗುಂದಿ. ಸೇಡಂ ತಾಲ್ಲೂಕಿನ ಅಂಚಿಗೆ, ತೆಲಂಗಾಣದ ಗಡಿಗೆ ಹತ್ತಿಕೊಂಡಿರುವ ಆ ಗುಡ್ಡದಲ್ಲಿ ಮಾತಾ ಮಾಣಿಕೇಶ್ವರಿ ಇದ್ದರು. 2020ರ ಮಾರ್ಚ್‌ನಲ್ಲಿ ಅವರು ತೀರಿಕೊಳ್ಳುವ ತನಕ, ಶಿವರಾತ್ರಿ ಬಂತೆಂದರೆ ಈ ಕಡೆಯ ಕನ್ನಡದವರೂ ಆ ಕಡೆಯ ತೆಲುಗರೂ ಬುತ್ತಿ ಕಟ್ಟಿಕೊಂಡು ದರ್ಶನಕ್ಕೆ ಹೊರಡುತ್ತಿದ್ದರು. ಅವ್ವ ಎಷ್ಟು ಸಲ ಹತ್ತಿ ಇಳಿದಿದ್ದಾಳೋ ಲೆಕ್ಕವಿಲ್ಲ. ಈ ವರ್ಷ ಮಾತ್ರ ಮೊಣಕಾಲು ಒತ್ತಿಕೊಳ್ಳುತ್ತಾ ಕಟ್ಟೆಯ ಮೇಲೆ ಕೂತು ಅಂದಳು:

“ಇನ್ನ ಗುಡ್ಡ ಹತ್ತೋದು ನನ್ನ ಕೈಲಿ ಆಗಂಗಿಲ್ಲ ತಮ್ಮಾ. ಗುಡ್ಡ ಬಿಟ್ಟು ಇಳದು ಬಂದಾಕಿ ಒಬ್ಬಾಕಿ ಅದಾಳ. ಆಕಿ ಬಲ್ಲಿ ಕರಕೊಂಡು ಹೋಗು.”

ಸನ್ನತಿಯ ಚಂದ್ರಲಾಂಬೆಯ ಮಾತು ಅದು. ಚಿತ್ತಾಪುರ ತಾಲ್ಲೂಕಿನ ಭೀಮಾ ದಂಡೆಯ ಊರು. ಅಲ್ಲಿಗೆ ಹೋಗಬೇಕೆಂಬ ಆಸೆ ನನಗೂ ಬಹಳ ದಿನದ್ದು. ಆದರೆ ನನ್ನ ಮನಸ್ಸಿನಲ್ಲಿದ್ದದ್ದು ಗುಡಿಗಿಂತ ಅಲ್ಲಿಂದ ಎರಡು ಮೂರು ಕಿ.ಮೀ. ದೂರದ ಕನಗನಹಳ್ಳಿ, ಅಲ್ಲಿ ಮಣ್ಣಿನಿಂದ ಎದ್ದುಬಂದ ಬೌದ್ಧ ಸ್ತೂಪ. ಅದನ್ನು ಅವ್ವನಿಗೆ ಹೇಳಲಿಲ್ಲ. ಉಡಿ ತುಂಬುವ ಸಾಮಾನು ಕಟ್ಟು ಅಂದೆ, ಅಷ್ಟೇ.

ಅವಳು ಹಿಂದಿನ ರಾತ್ರಿಯೇ ಎಲ್ಲಾ ಜೋಡಿಸಿಟ್ಟಳು. ಹಸಿರು ಖಣ, ಹಸಿರು ಬಳೆ, ತೆಂಗಿನಕಾಯಿ, ಅಕ್ಕಿ, ಅರಿಷಿಣದ ಕೊಂಬು, ಉತ್ತತ್ತಿ. ದಾರಿಗೆ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಒಂದು ಡಬ್ಬಿ ಪುಂಡಿ ಪಲ್ಯ.

ಸೇಡಂ ಸ್ಟೇಷನ್ನಿನಲ್ಲಿ ಬೆಳಗಿನ ಗಾಡಿ ಹತ್ತಿದೆವು. ನಿಜಾಮರ ಸರ್ಕಾರ ಸಿಕಂದರಾಬಾದಿನಿಂದ ವಾಡಿಯ ತನಕ ಹಾಕಿಸಿ, 1874ರಲ್ಲಿ ಗಾಡಿ ಓಡಿಸಿದ ದಾರಿ ಇದು. ಕಿಟಕಿಯಾಚೆ ತೊಗರಿ ಕೊಯ್ದ ಹೊಲಗಳು, ಕೊಯ್ಯದೆ ಉಳಿದ ಜೋಳ, ನಡುನಡುವೆ ಪರ್ಸಿ ಖಣಿಗಳು. ಖಣಿಯ ತಗ್ಗಿನಲ್ಲಿ ಹಸಿರುಗಟ್ಟಿದ ನೀರು, ದಂಡೆಯ ಮೇಲೆ ಸಾಲಾಗಿ ನಿಲ್ಲಿಸಿದ ಹಾಸುಗಲ್ಲು.

ಈ ಕಲ್ಲಿನ ಬಗ್ಗೆ ಇಲ್ಲಿಯೇ ಒಂದು ಮಾತು ಹೇಳಿಬಿಡಬೇಕು. ಹೊರಗಿನವರು ಶಹಾಬಾದ ಕಲ್ಲು ಅನ್ನುತ್ತಾರೆ. ನಮಗೆ ಬರೀ ಪರ್ಸಿ. ಕೋಟ್ಯಂತರ ವರ್ಷಗಳ ಹಿಂದೆ ಕಡಲಿನ ತಳದಲ್ಲಿ ಪದರು ಪದರಾಗಿ ಕೂತ ಸುಣ್ಣದ ಕೆಸರೇ ಗಟ್ಟಿಯಾಗಿ ಈ ಕಲ್ಲಾಯಿತು. ಅದಕ್ಕೇ ಇದನ್ನು ಒಡೆಯುವುದಿಲ್ಲ, ಎಬ್ಬಿಸುತ್ತಾರೆ. ಪದರಿನ ಸಂದಿಗೆ ಉಳಿ ಹಾಕಿ ಹದವಾಗಿ ಬಡಿದರೆ ಹಂಚಿನ ಮೇಲಿನ ರೊಟ್ಟಿಯ ಹಾಗೆ ಮೇಲೇಳುತ್ತದೆ. ಅಪ್ಪ ಶಹಾಬಾದಿನ ಕಡೆ ಖಣಿಯಲ್ಲಿ ದುಡಿದವನು. ಕಲ್ಲಿಗೆ ಒಂದು ಏಟು ಕೊಟ್ಟು ಕಿವಿ ಹಚ್ಚಿ ನಿಲ್ಲುತ್ತಿದ್ದ. ಗಂಟೆಯ ಹಾಗೆ ಉಲಿದರೆ ಗಟ್ಟಿ, ಡಬ್ ಅಂದರೆ ಒಳಗೆ ಸೀಳು. ನಮ್ಮ ಮನೆಯ ನೆಲ, ಅಡುಗೆಕಟ್ಟೆ, ಬಚ್ಚಲು, ಎಮ್ಮೆ ಕಟ್ಟುವ ಜಾಗ ಎಲ್ಲಾ ಇದೇ ಕಲ್ಲು. ಸೇಡಂ, ಮಳಖೇಡ, ವಾಡಿಗಳ ಕಾರ್ಖಾನೆಗಳಲ್ಲಿ ಅರೆದು ಸುಟ್ಟು ಸಿಮೆಂಟು ಮಾಡುವುದೂ ಇದೇ ಸುಣ್ಣದ ಕಲ್ಲನ್ನು. ಕೋಡ್ಲಾದ ಹತ್ತಿರವೂ ಈಗ ಚಿಮಣಿ ಎದ್ದಿದೆ.

ಮಳಖೇಡ ರೋಡ್ ಸ್ಟೇಷನ್ ದಾಟಿತು. ರಾಷ್ಟ್ರಕೂಟರ ಮಾನ್ಯಖೇಟ, ‘ಕವಿರಾಜಮಾರ್ಗ’ ಹುಟ್ಟಿದ ಆಸ್ಥಾನ, ಕಾಗಿಣಾ ದಂಡೆಯ ಜಯತೀರ್ಥರ ವೃಂದಾವನ ಎಲ್ಲಾ ಆ ಕಡೆಗೆ. ಅದಕ್ಕೆ ಬೇರೆಯೇ ಒಂದು ದಿನ ಬೇಕು.

ಗಾಡಿ ಚಿತ್ತಾಪುರ ಬಿಡುವಷ್ಟರಲ್ಲಿ ಅವ್ವ ಎದುರಿಗೆ ಕೂತ ತಾಂಡೂರಿನ ಹೆಣ್ಣುಮಗಳಿಗೆ ಚಂದ್ರಲಾಂಬೆಯ ಕಥೆ ಶುರು ಮಾಡಿದ್ದಳು. ಸೇತುರಾಜ ಅಂತ ಒಬ್ಬ ಅರಸ. ನಾರಾಯಣ ಮುನಿಯ ಹೆಂಡತಿ ಚಂದ್ರವದನೆಯ ಮೇಲೆ ಕಣ್ಣಿಟ್ಟು ಎಳೆದುಕೊಂಡು ಹೋದ. ಮುನಿ ಹಿಂಗುಲಗಿರಿಗೆ ಹೋಗಿ ದೇವಿಯ ಕಾಲಿಗೆ ಬಿದ್ದ. “ನೀ ಮುಂದ ನಡಿ, ನಾ ಹಿಂದ ಬರ್ತೀನಿ. ಗೆಜ್ಜಿ ಸಪ್ಪಳ ಕೇಳಸ್ತದ. ತಿರುಗಿ ಮಾತ್ರ ನೋಡಬ್ಯಾಡ ಅಂದಳಂತ ಯವ್ವಾ ಆಕಿ.” ಭೀಮಾ ದಂಡೆಗೆ ಬಂದಾಗ ಮುನಿ ತಿರುಗಿ ನೋಡಿಯೇ ಬಿಟ್ಟ. ದೇವಿ ಅಲ್ಲೇ ನಿಂತಳು. ಆಮೇಲೆ ಆಕೆಯಿಂದ ಎದ್ದ ದುಂಬಿಗಳ ಹಿಂಡು ಸೇತುರಾಜನನ್ನು ಮುತ್ತಿಕೊಂಡು, ಅವನು ಹೊಳೆಗೆ ಹಾರಿ ಸತ್ತ.

ತಾಂಡೂರಿನ ಹೆಣ್ಣುಮಗಳು ತೆಲುಗಿನಲ್ಲಿ ಏನೋ ಕೇಳಿದಳು, ಅವ್ವ ಕನ್ನಡದಲ್ಲಿ ಉತ್ತರ ಕೊಟ್ಟಳು. ಇಬ್ಬರಿಗೂ ತಿಳಿಯಿತು. ನಾನು ಹಿಂಗುಲಗಿರಿಯ ಬಗ್ಗೆ ಯೋಚಿಸುತ್ತಿದ್ದೆ. ಬಲೂಚಿಸ್ತಾನದ ಬೋಳು ಬೆಟ್ಟಗಳ ನಡುವಿನ ಗವಿಯದು, ಇಂದಿಗೂ ಪಾಕಿಸ್ತಾನದ ಹಿಂದೂಗಳು ನಡೆದು ಹೋಗುವ ಹಿಂಗ್ಲಾಜ. ಅಲ್ಲಿಂದ ಭೀಮೆಯ ತನಕ ಒಂದು ಗೆಜ್ಜೆಯ ಸಪ್ಪಳ. ಹಳೆಯ ಕಾಲದ ವ್ಯಾಪಾರಿಗಳು, ಸನ್ಯಾಸಿಗಳು ತುಳಿದ ದಾರಿಯನ್ನು ಜನ ಹೀಗೆ ನೆನಪಿಟ್ಟುಕೊಂಡಿರಬೇಕು ಅನ್ನಿಸಿತು.

ವಾಡಿಯಲ್ಲಿ ಗಾಡಿ ಬದಲಿಸಿ ನಾಲವಾರದಲ್ಲಿ ಇಳಿದು, ಟಂಟಂ ಹಿಡಿದೆವು. ಕರಿಮಣ್ಣಿನ ಬಯಲು. ಕಣ್ಣು ಹಾಯಿಸಿದಷ್ಟು ದೂರ ಗುಡ್ಡದ ಸುಳಿವಿಲ್ಲ. ಹೊಳೆಯ ತೇವ ಮೂಗಿಗೆ ಬಡಿದಾಗ ಅವ್ವ ತಲೆಯ ಮೇಲೆ ಸೆರಗು ಎಳೆದುಕೊಂಡಳು.

ಗುಡಿಯಲ್ಲಿ ಆವತ್ತು ನೂಕುನುಗ್ಗಲಿರಲಿಲ್ಲ. ಮಹಾರಾಷ್ಟ್ರದಿಂದ ಮನೆದೇವರಿಗೆ ಬಂದ ಒಂದು ಕುಟುಂಬ, ಹೊಸದಾಗಿ ಮದುವೆಯಾದ ಎರಡು ಜೋಡಿ. ಅವ್ವ ಉಡಿ ತುಂಬಿದಳು. ನಾನು ಅದೇ ಆವರಣದ ಕಾಳಿಯ ಗುಡಿಯ ಮುಂದೆ ಹೋಗಿ ನಿಂತೆ.

1986ರಲ್ಲಿ ಇಲ್ಲಿಯೇ ಕಾಳಿಯ ಗುಡಿಯ ಮಾಳಿಗೆ ಕುಸಿದು ಮೂರ್ತಿ ಒಡೆಯಿತು. ಮತ್ತೆ ಕಟ್ಟಲೆಂದು ಅಡಿಯ ಕಲ್ಲುಗಳನ್ನು ಸರಿಸಿದಾಗ, ದೇವಿ ನಿಂತಿದ್ದ ಪೀಠದ ಹಾಸುಗಲ್ಲಿನ ಮೇಲೆ ಅಕ್ಷರ ಕಂಡವು. ಬ್ರಾಹ್ಮಿ ಲಿಪಿ, ಪ್ರಾಕೃತ ಭಾಷೆ, ಕ್ರಿಸ್ತಪೂರ್ವ ಮೂರನೆಯ ಶತಮಾನದ ಅಶೋಕನ ಶಾಸನ. ಮೂರ್ತಿಯನ್ನು ನಿಲ್ಲಿಸಲು ಯಾವ ಕಾಲದಲ್ಲೋ ಯಾರೋ ಆ ಕಲ್ಲಿನ ನಡುವೆ ಚೌಕಾಕಾರದ ತೂತು ಕೊರೆದಿದ್ದರು. ಅಷ್ಟು ಅಕ್ಷರಗಳು ಹೋದವು. ಎರಡೂ ಮುಖಕ್ಕೆ ಬರಹ. ಒಂದು ಮುಖದಲ್ಲಿ ಹನ್ನೆರಡನೆಯ ಮತ್ತು ಹದಿನಾಲ್ಕನೆಯ ಶಾಸನ, ಇನ್ನೊಂದರಲ್ಲಿ ಎರಡು ಪ್ರತ್ಯೇಕ ಶಾಸನಗಳು. ಪ್ರತ್ಯೇಕ ಶಾಸನಗಳು ಅದಕ್ಕೂ ಮೊದಲು ಸಿಕ್ಕಿದ್ದು ಒಡಿಶಾದ ಧೌಲಿ ಮತ್ತು ಜೌಗಡದಲ್ಲಿ ಮಾತ್ರ, ಅಂದರೆ ಅಶೋಕ ಯುದ್ಧ ಮಾಡಿ ಗೆದ್ದ, ಗೆದ್ದು ನೊಂದ ಕಳಿಂಗದಲ್ಲಿ. ಪ್ರಜೆಗಳೆಲ್ಲ ನನ್ನ ಮಕ್ಕಳು ಎಂದು ಅರಸನೊಬ್ಬ ಅಧಿಕಾರಿಗಳಿಗೆ ತಾಕೀತು ಮಾಡುವ ಮಾತು ಅವುಗಳಲ್ಲಿದೆ. ಹನ್ನೆರಡನೆಯದರ ಸಾರ ಇನ್ನೂ ಹತ್ತಿರದ್ದು: ತನ್ನ ಮತವನ್ನು ಹೊಗಳಿಕೊಂಡು ಇನ್ನೊಬ್ಬರದನ್ನು ಹಳಿಯಬೇಡಿ, ಹಾಗೆ ಮಾಡಿದವನು ತನ್ನ ಮತಕ್ಕೇ ಕೇಡು ಮಾಡುತ್ತಾನೆ.

ಆ ಮಾತನ್ನು ಕೆತ್ತಿದ ಕಲ್ಲಿನ ಮೇಲೆ ಎಷ್ಟೋ ತಲೆಮಾರು ಕುಂಕುಮ, ಎಣ್ಣೆ, ಹಾಲು ಸುರಿದಿವೆ. ಓದುವವರು ಯಾರೂ ಇರಲಿಲ್ಲ. ಆದರೂ ಪೂಜೆ ನಡೆದದ್ದರಿಂದಲೇ ಕಲ್ಲು ಉಳಿಯಿತು ಎಂದು ನಾನು ನಂಬುತ್ತೇನೆ. ಹೊಲದಲ್ಲಿ ಬಿದ್ದಿದ್ದರೆ ಯಾರದೋ ಬಚ್ಚಲಿಗೆ ಹಾಸಾಗುತ್ತಿತ್ತು. ತೂತು ಕೊರೆದ ಶಿಲ್ಪಿಯ ಮೇಲೆ ನನಗೆ ಸಿಟ್ಟು ಬರಲಿಲ್ಲ. ಅವನೂ ಅಪ್ಪನ ಹಾಗೆ ಏಟು ಹಾಕಿ, ಕಿವಿ ಹಚ್ಚಿ, ಇದು ಗಟ್ಟಿ ಕಲ್ಲು, ದೇವಿಯನ್ನು ತಡೆಯುತ್ತದೆ ಎಂದುಕೊಂಡಿರಬೇಕು.

ಅವ್ವ ಬಂದು ಪಕ್ಕದಲ್ಲಿ ನಿಂತಳು. ಈ ವಿಷಯ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು, “ಆ ಅರಸನ್ನ ನೋಡಬಹುದೇನು?”

“ಇಲ್ಲೇ ಕನಗನಹಳ್ಳ್ಯಾಗ ಅದಾನ. ಹೋಗಮು.”

ಕನಗನಹಳ್ಳಿಯ ದಿಬ್ಬವನ್ನು ಭಾರತೀಯ ಪುರಾತತ್ವ ಇಲಾಖೆ 1994ರಿಂದ ಅಗೆಯಿತು. ಅದಕ್ಕೂ ನಾಲ್ಕು ದಶಕ ಮೊದಲೇ ಗುಲಬರ್ಗಾದ ಕಪಟರಾಳ ಕೃಷ್ಣರಾಯರು ಸನ್ನತಿಯ ಅವಶೇಷಗಳ ಕಡೆ ವಿದ್ವಾಂಸರ ಕಣ್ಣು ತಿರುಗಿಸಿದ್ದರು. ಅಗೆದಾಗ ಸಿಕ್ಕಿದ್ದು ಕುಸಿದು ಬಿದ್ದ ಮಹಾಸ್ತೂಪ, ಅದಕ್ಕೆ ಸುತ್ತ ಹೊದಿಸಿದ್ದ ಆಳೆತ್ತರದ ಕೆತ್ತನೆಯ ಹಲಗೆಗಳು, ಬುದ್ಧನ ಮೂರ್ತಿಗಳು, ನೂರಕ್ಕೂ ಹೆಚ್ಚು ಬ್ರಾಹ್ಮಿ ಬರಹಗಳು. ಆ ಬರಹಗಳಲ್ಲಿ ಈ ಸ್ತೂಪದ ಹೆಸರು ಅಧಾಲಕ ಮಹಾಚೈತ್ಯ. ಸಾತವಾಹನ ಅರಸರು ಹೆಸರಿನ ಸಮೇತ ಇಲ್ಲಿ ನಿಂತಿದ್ದಾರೆ: ಸಿಮುಕ, ಚೈತ್ಯಕ್ಕೆ ಬೆಳ್ಳಿಯ ಕಮಲ ಕೊಡುವ ಸಾತಕರ್ಣಿ, ಪುಳುಮಾವಿ. ಬಹಳ ವರ್ಷ ಈ ಹಲಗೆಗಳು ಹೊಲದಲ್ಲಿ ಬಿಸಿಲು ಮಳೆಗೆ ಬಿದ್ದಿದ್ದವು. 2022ರ ಹೊತ್ತಿಗೆ ಸಂರಕ್ಷಣೆಯ ಕೆಲಸ ಶುರುವಾಯಿತು. ತಡವಾಯಿತು, ಬಹಳ ತಡವಾಯಿತು. ಆದರೂ ಆಯಿತಲ್ಲ ಎಂಬ ಸಮಾಧಾನ ಇದೆ.

ಅವ್ವ ಚಪ್ಪಲಿ ಹೊರಗೇ ಬಿಟ್ಟಳು. ಬಿಡಬೇಕೆಂದು ಯಾರೂ ಹೇಳಿರಲಿಲ್ಲ.

ಗುಡ್ಡವಿಲ್ಲದ ಬಯಲಿನಲ್ಲಿ ಭಿಕ್ಷುಗಳು ಇಟ್ಟಿಗೆ, ಮಣ್ಣು, ಕಲ್ಲಿನಿಂದ ತಾವೇ ಒಂದು ಗುಡ್ಡ ಎಬ್ಬಿಸಿದ್ದರು. ಅದಕ್ಕೆ ಹೊದಿಸಿದ ಕಲ್ಲು ಈ ಸೀಮೆಯ ಸುಣ್ಣದ ಕಲ್ಲೇ. ನಾನು ಒಂದು ಹಲಗೆಯ ಅಂಚಿನ ಹತ್ತಿರ ಬಗ್ಗಿ ನೋಡಿದೆ. ಅದೇ ಬೂದು ಹಸಿರು ಬಣ್ಣ. ಅದೇ ಪದರು.

ಮೊದಲಿನ ಕೆತ್ತನೆಗಳಲ್ಲಿ ಬುದ್ಧನ ಮುಖವಿಲ್ಲ. ಬೋಧಿವೃಕ್ಷ, ಅದರ ಕೆಳಗೆ ಖಾಲಿ ಪೀಠ, ಸುತ್ತ ಕೈಮುಗಿದ ಜನ. ಇನ್ನೊಂದೆಡೆ ಚಕ್ರದ ಗುರುತಿರುವ ಎರಡು ಪಾದ. ಅವ್ವ ಖಾಲಿ ಪೀಠದ ಮುಂದೆ ಬಹಳ ಹೊತ್ತು ನಿಂತಳು. ದೇವರೆಲ್ಲಿ ಅಂತ ಕೇಳುತ್ತಾಳೆ ಎಂದುಕೊಂಡಿದ್ದೆ. ಕೇಳಲಿಲ್ಲ. ಪಾದಗಳ ಕಡೆ ಕೈ ಮುಗಿದು, ಕೈಯನ್ನು ಕಣ್ಣಿಗೊತ್ತಿಕೊಂಡಳು.

ಸಣ್ಣ ಸಣ್ಣ ಬರಹಗಳು ಏನು ಹೇಳುತ್ತವೆ ಎಂದು ಕೇಳಿದಳು. ಬಹಳಷ್ಟು ದಾನದ ಬರಹಗಳು ಎಂದೆ. ಈ ಕಲ್ಲು ಇಂಥವರು ಕೊಟ್ಟದ್ದು, ಆ ಕಂಬ ಅಂಥವರದು. ಭಿಕ್ಷುಗಳು, ಭಿಕ್ಷುಣಿಯರು, ಸಂಸಾರಸ್ಥರು.

“ಹೆಣ್ಮಕ್ಕಳ ಹೆಸರೂ ಅವ?”

“ಅವ.”

ಅವಳ ಹೆಸರು ನಮ್ಮ ಮನೆಯ ರೇಷನ್ ಕಾರ್ಡಿನಲ್ಲಿದೆ, ಮತದಾರರ ಪಟ್ಟಿಯಲ್ಲಿದೆ. ಬೇರೆಲ್ಲೂ ಬರೆದದ್ದನ್ನು ನಾನು ಕಂಡಿಲ್ಲ. ಅವಳು ಬೆರಳು ತಾಗಿಸದೆ, ಕಲ್ಲಿನಿಂದ ಒಂದು ಗೇಣು ದೂರದಲ್ಲಿ, ಒಂದು ಸಾಲಿನುದ್ದಕ್ಕೂ ಕೈ ಆಡಿಸಿದಳು.

ಕೊನೆಗೆ ಅಶೋಕನ ಹಲಗೆ. ರಾಜ, ಪಕ್ಕದಲ್ಲಿ ರಾಣಿ. ಹಿಂದೆ ಪರಿಚಾರಿಕೆಯರು, ಒಬ್ಬಳ ಕೈಯಲ್ಲಿ ಚಾಮರ, ಇನ್ನೊಬ್ಬಳ ಕೈಯಲ್ಲಿ ಕೊಡೆ. ಮೇಲೆ ಬ್ರಾಹ್ಮಿಯಲ್ಲಿ ನಾಲ್ಕಾರು ಅಕ್ಷರ: ರಾಯೋ ಅಸೋಕೋ. 1915ರಲ್ಲಿ ರಾಯಚೂರು ಸೀಮೆಯ ಮಸ್ಕಿಯ ಶಾಸನ ಅಶೋಕನ ಹೆಸರನ್ನು ಕೊಟ್ಟಿತು; ಈ ಹಲಗೆಯಲ್ಲಿ ಹೆಸರಿನ ಜೊತೆ ಅವನ ರೂಪ. ಅವನು ತೀರಿಕೊಂಡು ಶತಮಾನಗಳಾದ ಮೇಲೆ ಕೆತ್ತಿದ್ದು. ಶಿಲ್ಪಿ ಅವನನ್ನು ಕಂಡವನಲ್ಲ. ಆದರೂ ಭೀಮಾ ದಂಡೆಯ ಒಬ್ಬ ಕಲ್ಲುಕುಟಿಗನ ಮನಸ್ಸಿನಲ್ಲಿ ಅಶೋಕ ಹೀಗೆ ಉಳಿದಿದ್ದ: ಕುದುರೆಯಿಲ್ಲ, ಕತ್ತಿಯಿಲ್ಲ, ಹೆಂಡತಿಯ ಜೊತೆ ನಿಂತ ಗೃಹಸ್ಥ.

ಅವ್ವ ನೋಡಿದ್ದು ರಾಣಿಯ ಕಾಲನ್ನು. “ಕಾಲ್ಗಡಗ ನೋಡು ತಮ್ಮಾ, ನಮ್ಮ ಅಮ್ಮನವು ಹಿಂಗೇ ಇದ್ವು. ದಪ್ಪನ್ನವು.” ಅಮ್ಮ ಅಂದರೆ ಅವಳ ಅಜ್ಜಿ.

ಆಮೇಲೆ ಮೇಲಿನ ಅಕ್ಷರಗಳ ಕಡೆ ಕೈ ತೋರಿಸಿದಳು. “ಇದ್ಯಾವದು, ಕೂಡಿಸೋ ಗುರ್ತು ಇದ್ದಂಗ ಅದ?”

“ಅದು ‘ಕ’. ಅಸೋಕೋ ಅನ್ನೋದರಾಗಿನ ಕೋ. ಬ್ರಾಹ್ಮಿಯೊಳಗ ‘ಕ’ ಅಂದರ ಅಡ್ಡ ಒಂದು ಗೆರಿ, ಉದ್ದ ಒಂದು ಗೆರಿ.”

ಅವ್ವ ಸುಮ್ಮನೆ ನಿಂತಳು. ನನಗೂ ಆಗ ನೆನಪಾಯಿತು. ಖಣಿಯಲ್ಲಿ ಸಂಜೆ ಎಣಿಕೆಯಾಗುವಾಗ ಯಾರು ಎಬ್ಬಿಸಿದ ಕಲ್ಲು ಯಾರದು ಎಂದು ತಿಳಿಯಲು ಒಬ್ಬೊಬ್ಬರೂ ಒಂದೊಂದು ಗುರುತು ಹಾಕುತ್ತಿದ್ದರು. ಅಪ್ಪನಿಗೆ ಓದು ಬರಹ ಬರುತ್ತಿರಲಿಲ್ಲ. ಅವನು ಉಳಿಯ ತುದಿಯಿಂದ ಕಲ್ಲಿನ ಮೂಲೆಯಲ್ಲಿ ಅಡ್ಡ ಒಂದು, ಉದ್ದ ಒಂದು ಗೆರೆ ಎಳೆಯುತ್ತಿದ್ದ. ನಮ್ಮ ಮನೆಯ ಅಡುಗೆಕಟ್ಟೆಯ ಹಾಸಿನ ಮೂಲೆಯಲ್ಲಿ ಅದು ಈಗಲೂ ಇದೆ. ಅವ್ವ ದಿನಾ ಬೆಳಿಗ್ಗೆ ಅದನ್ನು ತಿಕ್ಕಿ ತೊಳೆಯುತ್ತಾಳೆ.

ಉಡಿಯಲ್ಲಿ ದೇವಿಯ ಪ್ರಸಾದವಾಗಿ ವಾಪಸು ಬಂದ ಅಕ್ಕಿ ಇತ್ತು. ಅವಳು ನಾಲ್ಕು ಕಾಳು ತೆಗೆದು ಕೈಯಲ್ಲಿ ಹಿಡಿದಳು. ಕಲ್ಲಿನ ಮೇಲೆ ಏನೂ ಹಾಕಬಾರದು ಅಂದೆ. “ಹಾಕಂಗಿಲ್ಲ,” ಅಂದಳು. ಹಲಗೆಯಿಂದ ನಾಲ್ಕು ಹೆಜ್ಜೆ ಹಿಂದೆ ಬಂದು, ಬಯಲ ಮಣ್ಣಿನ ಮೇಲೆ ಆ ಕಾಳುಗಳನ್ನು ಬಿಟ್ಟಳು. ನಾವು ಟಂಟಂ ಹತ್ತುವಷ್ಟರಲ್ಲಿ ಎರಡು ಗುಬ್ಬಿ ಬಂದು ಆರಿಸಿಕೊಳ್ಳುತ್ತಿದ್ದವು.